ಬಿ.ಎಸ್‌ಸಿ. ಎಲ್‌ಎಲ್.ಬಿ. ಮಾಡಬೇಕಾ? ಕೊಡಗಿನ ಮಕ್ಕಳಿಗೆ, ಮನೆಯವರಿಗೆ ಹಂತ ಹಂತವಾಗಿ

ಪಿಯುಸಿ ಫಲಿತಾಂಶ ಬಂದ ವಾರ ನನಗೆ ಬರುವ ಫೋನುಗಳಲ್ಲಿ ಅರ್ಧದಷ್ಟು ಒಂದೇ ಪ್ರಶ್ನೆ. "ಮಗಳು ಸೈನ್ಸ್ ಓದಿದ್ದಾಳೆ, ನೀಟ್ ಸರಿಯಾಗಿ ಆಗೋ ಹಾಗೆ ಕಾಣ್ತಿಲ್ಲ, ಈಗ ಲಾ ಮಾಡ್ತೀನಿ ಅಂತಾಳೆ. ಸೈನ್ಸ್ ಓದಿದ್ದು ದಂಡ ಆಗುತ್ತಾ? ಎರಡೂ ಸೇರಿಸಿ ಏನೋ ಕೋರ್ಸ್ ಇದೆಯಂತಲ್ಲ?"

ಇದೆ. ಆದರೆ ಈ ಪ್ರಶ್ನೆಯನ್ನು ಏಪ್ರಿಲ್‌ನಲ್ಲಿ ಕೇಳಿದರೆ ಆ ವರ್ಷದ ಅರ್ಧ ಬಾಗಿಲು ಆಗಲೇ ಮುಚ್ಚಿರುತ್ತದೆ. ಯಾಕೆ ಅಂತ ಮುಂದೆ ಬರುತ್ತದೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಹೇಳಿ ಸಾಕಾಗಿದೆ, ಅದಕ್ಕೇ ಒಂದೇ ಕಡೆ ಬರೆದಿಡುತ್ತಿದ್ದೇನೆ. ನಾನು ಈ ಕೋರ್ಸ್ ಮಾಡಿದವನಲ್ಲ. ಮೊದಲು ಬಿ.ಎಸ್‌ಸಿ., ಆಮೇಲೆ ಮೂರು ವರ್ಷದ ಎಲ್‌ಎಲ್.ಬಿ. ಮಾಡಿದವನು. ಹಾಗಾಗಿ ಎರಡೂ ದಾರಿಯ ಲಾಭ ನಷ್ಟ ಸ್ವಲ್ಪ ಗೊತ್ತು.

ಮೊದಲು, ಇದು ಏನು?

ಪಿಯುಸಿ ಆದ ಮೇಲೆ ಐದು ವರ್ಷ. ಕೊನೆಗೆ ವಿಜ್ಞಾನ ಮತ್ತು ಕಾನೂನು, ಎರಡೂ ಪದವಿ ಕೈಗೆ. ಇದಕ್ಕೆ ಇಂಟಿಗ್ರೇಟೆಡ್ ಕೋರ್ಸ್ ಅನ್ನುತ್ತಾರೆ, ಅಂದರೆ ಎರಡನ್ನೂ ಹೆಣೆದು ಒಟ್ಟಿಗೆ ಕಲಿಸುವುದು. ನಿಯಮ ಮಾಡುವುದು ಬಾರ್ ಕೌನ್ಸಿಲ್ ಆಫ್ ಇಂಡಿಯಾ, ಅಂದರೆ ವಕೀಲಿ ವೃತ್ತಿಯನ್ನೂ ಕಾನೂನು ಶಿಕ್ಷಣವನ್ನೂ ನೋಡಿಕೊಳ್ಳುವ ಸಂಸ್ಥೆ. ಇಲ್ಲಿ ಹೇಳುವ ಬಹುಪಾಲು ನಿಯಮಗಳು ಅದರ 2008ರ ನಿಯಮಾವಳಿಯಲ್ಲಿವೆ.

ಬಿ.ಎ. ಎಲ್‌ಎಲ್.ಬಿ., ಬಿ.ಕಾಂ. ಎಲ್‌ಎಲ್.ಬಿ., ಬಿ.ಬಿ.ಎ. ಎಲ್‌ಎಲ್.ಬಿ. ಕೂಡ ಇದೇ ಜಾತಿಯವು. ಕೋರ್ಟಿನಲ್ಲಿ ನಿಂತು ವಾದ ಮಾಡುವ ಹಕ್ಕಿನ ವಿಷಯದಲ್ಲಿ ಇವುಗಳ ನಡುವೆ ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ.

ಹಂತ 1: ಎರಡು ಡಿಗ್ರಿ ಒಟ್ಟಿಗಾ, ಒಂದಾದ ಮೇಲೊಂದಾ?

ಇಲ್ಲಿ ಆತುರ ಬೇಡ. ಎರಡು ದಾರಿ ಇವೆ. ಒಂದು, ಐದು ವರ್ಷದ ಜೋಡಿ ಕೋರ್ಸ್. ಇನ್ನೊಂದು, ಮೂರು ವರ್ಷ ಬಿ.ಎಸ್‌ಸಿ., ಆಮೇಲೆ ಮೂರು ವರ್ಷ ಎಲ್‌ಎಲ್.ಬಿ., ಒಟ್ಟು ಆರು. ಉಳಿಯುವುದು ಒಂದು ವರ್ಷ.

ಆ ಒಂದು ವರ್ಷಕ್ಕೆ ನೀವು ಕೊಡುವ ಬೆಲೆ ಏನು ಗೊತ್ತಾ? ಜೋಡಿ ಕೋರ್ಸಿನ ಮಧ್ಯದಲ್ಲಿ ಇಳಿಯುವ ಹಾಗಿಲ್ಲ. ಮೂರು ವರ್ಷ ಆದ ಮೇಲೆ "ಲಾ ನನಗೆ ಒಗ್ಗುತ್ತಿಲ್ಲ, ಬಿ.ಎಸ್‌ಸಿ. ಸರ್ಟಿಫಿಕೇಟ್ ಕೊಡಿ, ಹೋಗ್ತೀನಿ" ಅಂದರೆ ಕೊಡುವುದಿಲ್ಲ. ಬಾರ್ ಕೌನ್ಸಿಲ್ ನಿಯಮದಲ್ಲೇ ಅದು ನಿಷಿದ್ಧ. ಮಧ್ಯದಲ್ಲಿ ಬಂದು ಸೇರುವುದೂ ಇಲ್ಲ. ಬಿ.ಎಸ್‌ಸಿ. ಒಂದು ವರ್ಷ ಮಾಡಿ ಜೋಡಿ ಕೋರ್ಸಿನ ಎರಡನೇ ವರ್ಷಕ್ಕೆ ಹಾರುತ್ತೇನೆ ಅಂದರೂ ಆಗದು. ಎರಡು ಡಿಗ್ರಿ ಅಂತ ಕೇಳಲು ಚೆಂದ, ಆದರೆ ಐದು ವರ್ಷ ಮುಗಿಯುವ ತನಕ ಕೈಯಲ್ಲಿ ಒಂದೂ ಇರುವುದಿಲ್ಲ.

ಇನ್ನೊಂದು ವಿಷಯ ಇದೆ, ಅದನ್ನು ಕಾಲೇಜಿನವರು ಬಾಯಿ ಬಿಟ್ಟು ಹೇಳುವುದಿಲ್ಲ. ಐದು ವರ್ಷದೊಳಗೆ ಕಾನೂನು ಇಡೀ ತುರುಕಬೇಕಾದ್ದರಿಂದ ವಿಜ್ಞಾನದ ಪಾಲು ಮೂರು ವರ್ಷದ ಬಿ.ಎಸ್‌ಸಿ.ಯಷ್ಟು ದಪ್ಪ ಇರುವುದಿಲ್ಲ. ಲ್ಯಾಬ್ ಗಂಟೆಗಳು ಕಮ್ಮಿ. ಮುಂದೆ ಕೆಮಿಸ್ಟ್ರಿಯಲ್ಲೋ ಬಾಟನಿಯಲ್ಲೋ ಎಂ.ಎಸ್‌ಸಿ. ಮಾಡುವ ಆಸೆ ಒಂದಿಷ್ಟಾದರೂ ಇದ್ದರೆ ಎರಡನೇ ದಾರಿಯೇ ಸರಿ. ಮಡಿಕೇರಿಯ ಕಾರ್ಯಪ್ಪ ಕಾಲೇಜಿನಂಥ ಕಡೆ, ಮನೆಯಿಂದ ಓಡಾಡಿಕೊಂಡೇ ಬಿ.ಎಸ್‌ಸಿ. ಮುಗಿಸಿ, ಆಮೇಲೆ ಸುಳ್ಯ, ಪುತ್ತೂರು, ಮಂಗಳೂರು, ಮೈಸೂರು ಎಲ್ಲಾದರೂ ಎಲ್‌ಎಲ್.ಬಿ.ಗೆ ಸೇರಬಹುದು. ಖರ್ಚೂ ಕಮ್ಮಿ.

ನನ್ನ ಅಭಿಪ್ರಾಯ ಕೇಳಿದರೆ: ವಕೀಲರೇ ಆಗಬೇಕು, ವಿಜ್ಞಾನ ಅದಕ್ಕೆ ಒದಗಬೇಕು ಅಂತ ಮನಸ್ಸು ಗಟ್ಟಿ ಇದ್ದರೆ ಮಾತ್ರ ಜೋಡಿ ಕೋರ್ಸ್. ಬರೀ ನೀಟ್ ಆಗಲಿಲ್ಲ ಅಂತ ಇತ್ತ ಬರುವವರು ಆರು ವರ್ಷದ ದಾರಿ ಹಿಡಿಯಿರಿ.

ಹಂತ 2: ಪಿಯುಸಿಯಲ್ಲಿ ಏನಿರಬೇಕು?

ಮೊದಲ ಹಂತದಷ್ಟು ತಲೆನೋವು ಇಲ್ಲಿಲ್ಲ. ಸೆಕೆಂಡ್ ಪಿಯುಸಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 45, ಎಸ್‌ಸಿ, ಎಸ್‌ಟಿಗೆ ಶೇ. 40 ಅಂಕ ಸಾಕು. ಹಿಂದುಳಿದ ವರ್ಗಕ್ಕೆ ಬಾರ್ ಕೌನ್ಸಿಲ್ ನಿಯಮದಲ್ಲಿ ಶೇ. 42 ಅಂತ ಇದೆ, ಆದರೆ ಕ್ಲಾಟ್‌ನಲ್ಲಿ ಅವರಿಗೂ 45 ಕೇಳುತ್ತಾರೆ (ಕ್ಲಾಟ್ ಅಂದರೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ, ವಿವರ ಹಂತ 4ರಲ್ಲಿ). ಬಿ.ಎಸ್‌ಸಿ. ಜೋಡಿಗೆ ಕೆಲವು ಕಡೆ ಪಿಯುಸಿಯಲ್ಲಿ ಸೈನ್ಸ್ ಇರಲೇಬೇಕು. ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ಬೇಕೋ, ಪಿಸಿಬಿ (ಮ್ಯಾಥ್ಸ್ ಬದಲು ಬಯಾಲಜಿ) ಆಗುತ್ತೋ ಅನ್ನುವುದು ಕಾಲೇಜಿಂದ ಕಾಲೇಜಿಗೆ ಬದಲಾಗುತ್ತದೆ. ಆ ವರ್ಷದ ಪ್ರಕಟಣೆ ಓದಿ, ಹೋದ ವರ್ಷದ್ದಲ್ಲ.

ಓಪನ್ ಸ್ಕೂಲಿನಲ್ಲಿ ಹತ್ತು, ಹನ್ನೆರಡು ಮಾಡಿದವರಿಗೆ ತೊಂದರೆ ಇಲ್ಲ. ಆದರೆ ಪಿಯುಸಿ ಮಾಡದೆ ಓಪನ್ ಯೂನಿವರ್ಸಿಟಿಯಿಂದ ನೇರ ಡಿಗ್ರಿ ಪಡೆದವರಿಗೆ ಕಾನೂನು ಕೋರ್ಸ್ ಸಿಗುವುದಿಲ್ಲ. ಇದು ಗೊತ್ತಿಲ್ಲದೆ ಫೀಸ್ ಕಟ್ಟಿ ಆಮೇಲೆ ಪರದಾಡಿದವರಿದ್ದಾರೆ.

ಹಂತ 3: ಎಲ್ಲಿದೆ ಈ ಕೋರ್ಸ್?

ನಮ್ಮ ರಾಜ್ಯದ ಹೆಚ್ಚಿನ ಕಾನೂನು ಕಾಲೇಜುಗಳು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಅಲ್ಲಿ ಸಾಮಾನ್ಯವಾಗಿ ಸಿಗುವುದು ಬಿ.ಎ., ಬಿ.ಬಿ.ಎ., ಬಿ.ಕಾಂ. ಜೋಡಿಗಳು. ಬಿ.ಎಸ್‌ಸಿ. ಜೋಡಿ ಬೇಕೆಂದರೆ ಘಟ್ಟ ಇಳಿಯಬೇಕು, ಇಲ್ಲವೇ ರೈಲು ಹತ್ತಬೇಕು.

ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಹೆಸರು ಎಲ್ಲರಿಗೂ ಗೊತ್ತು, ಆದರೆ ಅಲ್ಲಿ ಪಿಯುಸಿ ಆದ ಮೇಲೆ ಸಿಗುವ ಐದು ವರ್ಷದ ಕೋರ್ಸ್ ಬಿ.ಎ. ಜೊತೆಗಿನದು, ಬಿ.ಎಸ್‌ಸಿ. ಅಲ್ಲ. ಗಾಂಧಿನಗರದ ಗುಜರಾತ್ ನ್ಯಾಷನಲ್ ಲಾ ಯೂನಿವರ್ಸಿಟಿ ಬಿ.ಎಸ್‌ಸಿ. ಜೋಡಿಗೆ ಹೆಸರಾದದ್ದು. ಕೊಲ್ಕತ್ತಾದ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದಲ್ಲಿ ಕ್ರಿಮಿನಾಲಜಿ ಮತ್ತು ಫೊರೆನ್ಸಿಕ್ ಸೈನ್ಸ್ ಸೇರಿದ ಬಿ.ಎಸ್‌ಸಿ. ಎಲ್‌ಎಲ್.ಬಿ. ಇದೆ. ಫೊರೆನ್ಸಿಕ್ ಅಂದರೆ ಅಪರಾಧ ನಡೆದ ಜಾಗದ ರಕ್ತ, ಬೆರಳಚ್ಚು, ಮೊಬೈಲು, ಇಂಥವನ್ನು ಲ್ಯಾಬಿನಲ್ಲಿ ಪರೀಕ್ಷಿಸುವ ವಿಜ್ಞಾನ. ಗಾಂಧಿನಗರದ ರಾಷ್ಟ್ರೀಯ ಫೊರೆನ್ಸಿಕ್ ವಿಶ್ವವಿದ್ಯಾಲಯದಲ್ಲೂ ಇಂಥ ಕೋರ್ಸ್ ಇದೆ.

ನಮಗೆ ಹತ್ತಿರದ್ದು ಅಂದರೆ ಕೊಚ್ಚಿಯ ಕುಸಾಟ್, ಅಂದರೆ ಕೊಚ್ಚಿನ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ. ಅಲ್ಲಿ ಕಂಪ್ಯೂಟರ್ ಸೈನ್ಸ್ ಜೊತೆಗೆ ಎಲ್‌ಎಲ್.ಬಿ. ಇದೆ. ಪ್ರವೇಶ ಪರೀಕ್ಷೆ ಅವರದೇ. ವಿರಾಜಪೇಟೆಯಿಂದ ಮಾಕುಟ್ಟ ಇಳಿದು ಕಣ್ಣೂರಿಗೆ ಹೋದರೆ ಅಲ್ಲಿಂದ ರೈಲು. ಮಳೆಗಾಲದಲ್ಲಿ ಆ ಘಾಟಿಯ ಕತೆ ನಿಮಗೆ ನಾನು ಹೇಳಬೇಕಾಗಿಲ್ಲ.

ಖಾಸಗಿ ಯೂನಿವರ್ಸಿಟಿಗಳೂ ಬೇಕಾದಷ್ಟಿವೆ. ಎಚ್ಚರ ಇಲ್ಲಿಯೇ. ಕೇಳಬೇಕಾದ ಪ್ರಶ್ನೆ "ಯುಜಿಸಿ ಮಾನ್ಯತೆ ಇದೆಯಾ" ಅಂತ ಅಲ್ಲ. "ಈ ಕೋರ್ಸಿಗೆ, ಈ ಕ್ಯಾಂಪಸ್ಸಿಗೆ, ಈ ವರ್ಷಕ್ಕೆ ಬಾರ್ ಕೌನ್ಸಿಲ್ ಅನುಮತಿ ಪತ್ರ ಇದೆಯಾ, ತೋರಿಸಿ" ಅಂತ. ಬಾಯಿಮಾತಿನ "ಅಪ್ಲೈ ಮಾಡಿದ್ದೇವೆ, ಬಂದುಬಿಡುತ್ತೆ" ಅನ್ನುವುದಕ್ಕೆ ತಲೆ ಆಡಿಸಬೇಡಿ. ಅನುಮತಿ ಇಲ್ಲದ ಕಾಲೇಜಿನ ಡಿಗ್ರಿ ಹಿಡಿದು ಹೋದರೆ ಸನದು, ಅಂದರೆ ವಕೀಲರಾಗಿ ನೋಂದಣಿ, ಸಿಗುವುದಿಲ್ಲ.

ಆಸ್ಟ್ರೇಲಿಯಾ ಬಗ್ಗೆಯೂ ಕೇಳುತ್ತಾರೆ, ನೆಂಟರು ಅಲ್ಲಿದ್ದಾರೆ ಅಂತ. ಅಲ್ಲಿ ವಿಜ್ಞಾನ, ಕಾನೂನು ಒಟ್ಟಿಗೆ ಓದುವುದು ಹಳೆಯ ಪದ್ಧತಿ, ಒಳ್ಳೆಯ ಕೋರ್ಸುಗಳೇ. ಆದರೆ ವಾಪಸು ಬಂದು ಇಲ್ಲಿ ವಕೀಲಿಕೆ ಮಾಡಬೇಕೆಂದರೆ ಆ ಡಿಗ್ರಿಗೆ ಬಾರ್ ಕೌನ್ಸಿಲ್ ಮಾನ್ಯತೆ ಇರಬೇಕು, ಮೇಲಿಂದ ಅರ್ಹತಾ ಪರೀಕ್ಷೆಯೂ ಬರೆಯಬೇಕು.

ಹಂತ 4: ಕ್ಲಾಟ್

ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಸೇರಲು ಬರೆಯುವ ಪರೀಕ್ಷೆ ಕ್ಲಾಟ್. ಎರಡು ಗಂಟೆ, 120 ಪ್ರಶ್ನೆ, ತಪ್ಪಾದರೆ ಕಾಲು ಅಂಕ ಕಡಿತ. ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ. ಅರ್ಜಿ ಶುಲ್ಕ ಕೆಲವು ವರ್ಷಗಳಿಂದ ಸಾಮಾನ್ಯ ವರ್ಗಕ್ಕೆ 4,000 ರೂಪಾಯಿ, ಎಸ್‌ಸಿ, ಎಸ್‌ಟಿ, ಬಿಪಿಎಲ್‌ನವರಿಗೆ 3,500. ವಯಸ್ಸಿನ ಮೇಲ್ಮಿತಿ ಇಲ್ಲ.

ಈಗ ತಿಂಗಳ ಲೆಕ್ಕ ನೋಡಿ. ಅರ್ಜಿ ಕರೆಯುವುದು ಮಳೆಗಾಲದಲ್ಲಿ, ಪರೀಕ್ಷೆ ಡಿಸೆಂಬರ್ ಮೊದಲ ಭಾಗದಲ್ಲಿ. ಅಂದರೆ ನೀವಿನ್ನೂ ಸೆಕೆಂಡ್ ಪಿಯು ತರಗತಿಯಲ್ಲಿ ಕೂತಿರುವಾಗಲೇ. ಬೋರ್ಡ್ ಪರೀಕ್ಷೆಗೆ ಇನ್ನೂ ಎರಡು ಮೂರು ತಿಂಗಳು ಇರುತ್ತದೆ. ಏಪ್ರಿಲ್‌ನಲ್ಲಿ ಫೋನ್ ಮಾಡಿದರೆ ತಡ ಅಂದದ್ದು ಇದಕ್ಕೇ.

ನಮ್ಮ ಜಿಲ್ಲೆಗೆ ಇನ್ನೂ ಒಂದು ತೊಡಕು ಇದೆ. ಡಿಸೆಂಬರ್ ಅಂದರೆ ಕಾಫಿ ಕೊಯ್ಲು ಶುರು, ಕೆಲವು ವರ್ಷ ಹುತ್ತರಿಯೂ ಅದೇ ವಾರಕ್ಕೆ ಬೀಳುತ್ತದೆ. ಮನೆ ತುಂಬ ಜನ, ಕೋಲಾಟ, ಊಟ, ನೆಂಟರು. ಮಗು ಒಳಗೆ ಕೂತು ಓದುತ್ತದೆ ಅಂತ ನಿರೀಕ್ಷೆ ಮಾಡುವುದು ಕಷ್ಟ. ಮೊದಲೇ ಮನೆಯಲ್ಲಿ ಹೇಳಿಟ್ಟುಕೊಳ್ಳಿ. ಪರೀಕ್ಷೆ ಮಧ್ಯಾಹ್ನ ಎರಡಕ್ಕೆ ಅಂತ ಬೆಳಿಗ್ಗೆ ಬಸ್ ಹತ್ತಿ ಮೈಸೂರಿಗೋ ಬೆಂಗಳೂರಿಗೋ ಹೋಗುವ ಸಾಹಸ ಬೇಡ. ಹಿಂದಿನ ರಾತ್ರಿಯೇ ಅಲ್ಲಿರಿ. ಆನ್‌ಲೈನ್ ಕೋಚಿಂಗ್ ತೆಗೆದುಕೊಳ್ಳುವವರು ಪಾಠಗಳನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳುವ ಸೌಲಭ್ಯ ಇದೆಯಾ ಅಂತ ಕೇಳಿಯೇ ದುಡ್ಡು ಕಟ್ಟಿ. ಜುಲೈನಲ್ಲಿ ಮರ ಬಿದ್ದು ಮೂರು ದಿನ ಕರೆಂಟು ಹೋದರೆ ಲೈವ್ ಕ್ಲಾಸ್ ಯಾರಿಗೆ ಬೇಕು?

ಸೈನ್ಸ್ ಮಕ್ಕಳು "ಮ್ಯಾಥ್ಸ್ ಇದೆಯಲ್ಲ, ಸ್ಕೋರ್ ಮಾಡ್ತೀವಿ" ಅಂದುಕೊಳ್ಳುತ್ತಾರೆ. ಗಣಿತದ ಪಾಲು ಬರೀ ಹತ್ತರಿಂದ ಹದಿನಾಲ್ಕು ಪ್ರಶ್ನೆ, ಅದೂ ಹತ್ತನೇ ಕ್ಲಾಸಿನ ಮಟ್ಟದ್ದು. ಹೆಚ್ಚಿನ ತೂಕ ಇರುವುದು ಪ್ರಚಲಿತ ವಿದ್ಯಮಾನ ಮತ್ತು ಲೀಗಲ್ ರೀಸನಿಂಗ್‌ಗೆ, ತಲಾ 28ರಿಂದ 32. ಆಮೇಲೆ ಇಂಗ್ಲಿಷ್, ತರ್ಕ. ಎಲ್ಲವೂ ಉದ್ದುದ್ದ ಪ್ಯಾರಾ ಕೊಟ್ಟು ಕೇಳುವುದು. ಓದುವ ವೇಗ ಇಲ್ಲದವರಿಗೆ ಬುದ್ಧಿ ಇದ್ದೂ ಸೀಟು ಸಿಗುವುದಿಲ್ಲ. ದಿನಾ ಒಂದು ಇಂಗ್ಲಿಷ್ ಪೇಪರಿನ ಸಂಪಾದಕೀಯ ಪುಟ, ವರ್ಷ ಪೂರ್ತಿ. ಬೇರೆ ಮಂತ್ರ ಇಲ್ಲ.

ಲೀಗಲ್ ರೀಸನಿಂಗ್ ಅಂದರೆ ಕಾನೂನು ಬಾಯಿಪಾಠ ಅಲ್ಲ. ನಾನೇ ಮಾಡಿದ ಒಂದು ಮಾದರಿ ಕೊಡುತ್ತೇನೆ. ಪ್ಯಾರಾದಲ್ಲಿ ಹೀಗಿದೆ ಅಂತಿಟ್ಟುಕೊಳ್ಳಿ: "ಅಪಾಯ ತರಬಲ್ಲ ವಸ್ತುವನ್ನು ಯಾರು ತನ್ನ ಜಾಗದಲ್ಲಿ ತಂದಿಡುತ್ತಾನೋ, ಅದು ಹೊರಗೆ ಹೋಗಿ ಹಾನಿ ಮಾಡಿದರೆ ಅವನೇ ಹೊಣೆ. ಅವನ ನಿರ್ಲಕ್ಷ್ಯ ಇತ್ತೋ ಇಲ್ಲವೋ ಮುಖ್ಯವಲ್ಲ." ಪ್ರಶ್ನೆ: ಒಬ್ಬ ತೋಟದ ಮಾಲೀಕ ಕಾಫಿ ಪಲ್ಪಿಂಗ್ ಮಾಡಿದ, ಅಂದರೆ ಹಣ್ಣಿನ ಸಿಪ್ಪೆ ಸುಲಿದು ತೊಳೆದ ನೀರನ್ನು ಹೊಂಡದಲ್ಲಿ ನಿಲ್ಲಿಸಿದ್ದಾನೆ. ಕಟ್ಟೆ ಗಟ್ಟಿಯಾಗೇ ಕಟ್ಟಿದ್ದಾನೆ. ಜನವರಿಯಲ್ಲಿ ಅಕಾಲ ಮಳೆ ಬಂತು, ಕಟ್ಟೆ ಒಡೆಯಿತು, ಹುಳಿ ನೀರು ಕೆಳಗಿನವರ ಕೆರೆಗೆ ಇಳಿದು ಮೀನು ಸತ್ತವು. ಮಾಲೀಕ ಹೊಣೆಯಾ?

ನಮ್ಮ ಮಕ್ಕಳು ತಕ್ಷಣ ಹೇಳುವುದು, "ಪಾಪ, ಮಳೆ ಬಂದರೆ ಅವನೇನು ಮಾಡ್ತಾನೆ?" ತಪ್ಪು ಅಲ್ಲಿಯೇ. ಪ್ಯಾರಾದಲ್ಲಿ ದೈವಿಕ ವಿಪತ್ತಿಗೆ ವಿನಾಯಿತಿ ಇದೆ ಅಂತ ಎಲ್ಲೂ ಹೇಳಿಲ್ಲ. ಹಾಗಾಗಿ ಉತ್ತರ: ಹೊಣೆ. ನಿಜವಾದ ಕಾನೂನಿನಲ್ಲಿ ಅಂಥ ವಿನಾಯಿತಿ ಇದೆ, ಆದರೆ ಪರೀಕ್ಷೆಯಲ್ಲಿ ನೋಡಬೇಕಾದ್ದು ಕೊಟ್ಟ ಪ್ಯಾರಾ ಮಾತ್ರ. ಮನಸ್ಸಿನ ನ್ಯಾಯ, ಊರಿನ ನ್ಯಾಯ, ಯೂಟ್ಯೂಬಿನ ನ್ಯಾಯ ಎಲ್ಲ ಹೊರಗಿಟ್ಟು ಓದಿ.

ಹಂತ 5: ಕಾಗದ ಪತ್ರ

ಸೀಟು ಬಂದೂ ಕೈತಪ್ಪುವುದು ಇಲ್ಲಿ.

ಜಾತಿ ಸರ್ಟಿಫಿಕೇಟ್: ನಾಡಕಚೇರಿಯಲ್ಲಿ ಸಿಗುವ 2ಎ, 3ಎ ಥರದ್ದು (ರಾಜ್ಯದ ಹಿಂದುಳಿದ ವರ್ಗಗಳ ಗುಂಪುಗಳು) ರಾಜ್ಯದ ಲೆಕ್ಕಕ್ಕೆ. ಅದು ಬೇರೆ ರಾಜ್ಯದ ಕಾನೂನು ವಿಶ್ವವಿದ್ಯಾಲಯದಲ್ಲಿ ನಡೆಯುವುದಿಲ್ಲ. ಅಲ್ಲಿ ಒಬಿಸಿ ಸೀಟು ಕೇಳಬೇಕೆಂದರೆ ಕೇಂದ್ರದ ನಮೂನೆಯ ಒಬಿಸಿ ಪ್ರಮಾಣಪತ್ರ, ಕೆನೆಪದರ (ಹಿಂದುಳಿದ ವರ್ಗದೊಳಗಿನ ಸ್ಥಿತಿವಂತರು) ಅಲ್ಲ ಅಂತ ನಮೂದಾಗಿರುವುದು, ಬೇಕಾಗುತ್ತದೆ. ರಾಜ್ಯದ ಪಟ್ಟಿ ಬೇರೆ, ಕೇಂದ್ರದ ಪಟ್ಟಿ ಬೇರೆ. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿದೆಯಾ ಅಂತ ಮೊದಲು ನೋಡಿ.

ಇಡಬ್ಲ್ಯುಎಸ್, ಅಂದರೆ ಆರ್ಥಿಕವಾಗಿ ಹಿಂದುಳಿದವರ ಕೋಟಾ: ವರ್ಷದ ಆದಾಯ ಎಂಟು ಲಕ್ಷದ ಒಳಗಿದ್ದರೆ ಸಾಲದು, ಕುಟುಂಬದ ಕೃಷಿ ಭೂಮಿ ಐದು ಎಕರೆ ಅಥವಾ ಮೇಲಿದ್ದರೆ ಸಿಗುವುದಿಲ್ಲ. ಒಕ್ಕದ, ಅಂದರೆ ಕೊಡವ ಮನೆತನದ, ಜಂಟಿ ಆಸ್ತಿ ಇರುವ ಮನೆಗಳಲ್ಲಿ ಆರ್‌ಟಿಸಿಯಲ್ಲಿ ಹತ್ತಾರು ಹೆಸರು ಇರುತ್ತವೆ, ಯಾರ ಪಾಲು ಎಷ್ಟು ಅಂತ ಬಿಡಿಸಿ ತೋರಿಸುವುದರಲ್ಲೇ ತಿಂಗಳು ಕಳೆಯುತ್ತದೆ. ಕೌನ್ಸೆಲಿಂಗ್ ಶುರುವಾದ ಮೇಲೆ ತಹಸೀಲ್ದಾರರ ಕಚೇರಿಗೆ ಓಡಿದರೆ ಕೆಲಸ ಆಗದು. ಆಗಸ್ಟಿನಲ್ಲೇ ಶುರು ಮಾಡಿ.

ವ್ಯಾಸಂಗ ಪ್ರಮಾಣಪತ್ರ: ಬೆಂಗಳೂರಿನ ಲಾ ಸ್ಕೂಲಿಗೂ ಪ್ರಯತ್ನ ಮಾಡುವವರಿಗೆ ಅಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ. 25 ಮೀಸಲು ಇದೆ. ರಾಜ್ಯದಲ್ಲಿ ಕನಿಷ್ಠ ಹತ್ತು ವರ್ಷ ಓದಿರಬೇಕು. ಗಡಿಯಾಚೆ ಕೇರಳದ ಶಾಲೆಯಲ್ಲಿ ಕೆಲವು ವರ್ಷ ಓದಿದವರು ಬೆರಳು ಮಡಚಿ ಲೆಕ್ಕ ಹಾಕಿ.

ಹಂತ 6: ದುಡ್ಡು

ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಲ್ಲಿ ಫೀಸು, ಹಾಸ್ಟೆಲು ಸೇರಿ ವರ್ಷಕ್ಕೆ ಲಕ್ಷಗಳ ಮಾತು. ಕೌನ್ಸೆಲಿಂಗ್‌ಗೆ ಕೂರುವುದಕ್ಕೇ ಹತ್ತಾರು ಸಾವಿರ ಮೊದಲೇ ಕಟ್ಟಬೇಕು. ಆ ದುಡ್ಡು ಡಿಸೆಂಬರಿನಲ್ಲೇ ಕೈಯಲ್ಲಿರಬೇಕು. ಕಾಫಿ ಮಾರಿದ ಮೇಲೆ ನೋಡೋಣ ಅಂದರೆ ಕೊನೆಯ ದಿನಾಂಕ ಕಾಯುವುದಿಲ್ಲ. ಶಿಕ್ಷಣ ಸಾಲಕ್ಕೆ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು, ರಾಜ್ಯದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್.

ಹಂತ 7: ಆ ಐದು ವರ್ಷ

ಹಾಜರಾತಿ ಪ್ರತಿ ವಿಷಯಕ್ಕೂ ಶೇ. 70 ಅನ್ನುತ್ತದೆ ನಿಯಮ. ಕೊಯ್ಲಿಗೆ, ಮದುವೆಗೆ, ನಾಮಕರಣಕ್ಕೆ ಅಂತ ವಾರಗಟ್ಟಲೆ ಊರಿಗೆ ಬರುವ ಅಭ್ಯಾಸ ಇಲ್ಲಿ ನಡೆಯದು.

ಇಂಟರ್ನ್‌ಶಿಪ್, ಅಂದರೆ ವಕೀಲರ ಹತ್ತಿರವೋ ಸಂಸ್ಥೆಯಲ್ಲೋ ಇದ್ದು ಕೆಲಸ ಕಲಿಯುವುದು, ಒಟ್ಟು 20 ವಾರ ಕಡ್ಡಾಯ. ಒಂದು ವರ್ಷದಲ್ಲಿ ಸತತವಾಗಿ ನಾಲ್ಕು ವಾರಕ್ಕಿಂತ ಜಾಸ್ತಿ ಆಗುವ ಹಾಗಿಲ್ಲ. ಹಾಗಾಗಿ ಕೊನೆಯ ವರ್ಷ ಎಲ್ಲ ಒಟ್ಟಿಗೆ ಮುಗಿಸುತ್ತೇನೆ ಅನ್ನುವ ಲೆಕ್ಕ ಹಾಕಬೇಡಿ. ಮೊದಲ ವರ್ಷದ್ದನ್ನು ಮಡಿಕೇರಿ ಕೋರ್ಟಿನಲ್ಲಿ ಒಬ್ಬ ಸಿವಿಲ್ ವಕೀಲರ ಹತ್ತಿರ ಮಾಡಿ ಅಂತ ನಾನು ಹೇಳುತ್ತೇನೆ. ಕೊಡಗಿನ ವಿಶೇಷ ಭೂ ಹಿಡುವಳಿಯಾದ ಜಮ್ಮಾ ಬಾಣೆ ಅಂದರೆ ಏನು, ಅದರ ದಾಖಲೆ ಹೇಗೆ ಓದುವುದು ಅನ್ನುವುದನ್ನು ಗಾಂಧಿನಗರದಲ್ಲಿ ಯಾರೂ ಹೇಳಿಕೊಡುವುದಿಲ್ಲ. ಮೂಟ್ ಕೋರ್ಟ್ ಅಂದರೆ ಅಣಕು ನ್ಯಾಯಾಲಯ, ಅಲ್ಲಿ ನಿಂತು ವಾದ ಮಾಡುವುದು ಕೂಡ ಪಾಠದ ಭಾಗವೇ. ನಾಚಿಕೆ ಸ್ವಭಾವದವರು ಮೊದಲ ವರ್ಷವೇ ಹೆಸರು ಕೊಡಿ, ಅಲ್ಲಿ ಮುಗ್ಗರಿಸಿದರೆ ಯಾರ ಕೇಸೂ ಸೋಲುವುದಿಲ್ಲ.

ವಿಜ್ಞಾನ ಎಲ್ಲಿ ಕೆಲಸಕ್ಕೆ ಬರುತ್ತದೆ ಅಂತ ಕೇಳುತ್ತೀರಿ. ಮೇಲಿನ ಪಲ್ಪಿಂಗ್ ನೀರಿನ ಹೊಂಡವನ್ನೇ ಮತ್ತೆ ತೆಗೆದುಕೊಳ್ಳಿ. ನಿಜವಾದ ಕೇಸಾದರೆ ಫೈಲಿನಲ್ಲಿ ಲ್ಯಾಬ್ ವರದಿ ಇರುತ್ತದೆ: ಪಿಎಚ್ ಇಷ್ಟು, ಬಿಒಡಿ ಇಷ್ಟು. ಬಿಒಡಿ ಅಂದರೆ ನೀರಿನಲ್ಲಿರುವ ಕೊಳೆಯನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸಲು ಬೇಕಾಗುವ ಆಮ್ಲಜನಕದ ಪ್ರಮಾಣ. ಅದು ಜಾಸ್ತಿ ಇದ್ದರೆ ಮೀನಿಗೆ ಉಸಿರಾಡಲು ಆಮ್ಲಜನಕ ಉಳಿಯುವುದಿಲ್ಲ. ಬರೀ ಕಾನೂನು ಓದಿದವರು ಆ ಅಂಕಿ ನೋಡಿ ಪುಟ ತಿರುಗಿಸುತ್ತಾರೆ. ನೀವು ಕೇಳುತ್ತೀರಿ: ಸ್ಯಾಂಪಲ್ ಯಾವ ದಿನ ತೆಗೆದರು, ಎಷ್ಟು ಹೊತ್ತು ತಂಪಿಲ್ಲದೆ ಜೀಪಿನಲ್ಲಿ ಇಟ್ಟಿದ್ದರು, ಲ್ಯಾಬಿಗೆ ಯಾವಾಗ ತಲುಪಿತು? ಸಾಕ್ಷಿ ಹೇಳುವವರು ಬೆವರುವುದು ಅಲ್ಲಿ.

ಹಂತ 8: ಮುಗಿದ ಮೇಲೆ

ಡಿಗ್ರಿ ಬಂದ ಕೂಡಲೇ ಕಪ್ಪು ಕೋಟು ಹಾಕುವ ಹಾಗಿಲ್ಲ. ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ಇದಕ್ಕೇ ಸನದು ಪಡೆಯುವುದು ಅನ್ನುತ್ತಾರೆ. ಮೊದಲು ಇದಕ್ಕೆ ಸಾವಿರಾರು ರೂಪಾಯಿ ಕೀಳುತ್ತಿದ್ದರು. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಸಾಮಾನ್ಯ ವರ್ಗಕ್ಕೆ 750, ಎಸ್‌ಸಿ, ಎಸ್‌ಟಿಗೆ 125 ರೂಪಾಯಿಗಿಂತ ಹೆಚ್ಚು ನೋಂದಣಿ ಶುಲ್ಕ ತೆಗೆದುಕೊಳ್ಳಬಾರದು ಅಂತ ಹೇಳಿದೆ. ಆಮೇಲೆ ಅಖಿಲ ಭಾರತ ಬಾರ್ ಪರೀಕ್ಷೆ, ನೂರು ಪ್ರಶ್ನೆ. ಬೇರ್ ಆಕ್ಟ್, ಅಂದರೆ ವ್ಯಾಖ್ಯಾನ ಇಲ್ಲದ ಬರೀ ಕಾಯ್ದೆಯ ಪುಸ್ತಕ, ಒಳಗೆ ಒಯ್ಯಬಹುದು. ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಗೀಚಿಟ್ಟ ಪುಸ್ತಕ ಒಯ್ದರೆ ಬಾಗಿಲಲ್ಲೇ ತೆಗೆದಿಡುತ್ತಾರೆ.

ನ್ಯಾಯಾಧೀಶರಾಗುವ ಆಸೆ ಇದ್ದವರಿಗೆ: 2025ರ ಮೇ ತಿಂಗಳ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಸಿವಿಲ್ ಜಡ್ಜ್ ಪರೀಕ್ಷೆಗೆ ಮೂರು ವರ್ಷ ವಕೀಲಿಕೆ ಮಾಡಿರಬೇಕು. ಕಾಲೇಜಿನಿಂದ ನೇರ ಹೋಗುವ ದಾರಿ ಮುಚ್ಚಿದೆ.

ವಿಜ್ಞಾನದ ಡಿಗ್ರಿಗೆ ಖಚಿತವಾಗಿ ಬೆಲೆ ಸಿಗುವ ಜಾಗ ಪೇಟೆಂಟ್. ಹೊಸ ಆವಿಷ್ಕಾರದ ಮೇಲೆ ಸರ್ಕಾರ ಕೊಡುವ ಹಕ್ಕು ಅದು. ಬೇರೆಯವರ ಪರವಾಗಿ ಪೇಟೆಂಟ್ ಅರ್ಜಿ ಹಾಕುವ ಪೇಟೆಂಟ್ ಏಜೆಂಟ್ ಆಗುವ ಪರೀಕ್ಷೆಗೆ ಕಾಯ್ದೆ ಕೇಳುವುದು ವಿಜ್ಞಾನ, ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಪದವಿ. ಬಿ.ಎ. ಎಲ್‌ಎಲ್.ಬಿ. ಗೆಳೆಯರಿಗಿಂತ ನೀವು ಮುಂದಿರುವುದು ಇಲ್ಲಿ. ಬೆಂಗಳೂರಿನಲ್ಲಿ ಇಂಥ ಕೆಲಸ ಇದೆ. ಫೊರೆನ್ಸಿಕ್ ಕಡೆಯೂ ಹಾಗೇ: 2024ರ ಜುಲೈ 1ರಿಂದ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ (ಕ್ರಿಮಿನಲ್ ಕೇಸಿನ ತನಿಖೆ, ವಿಚಾರಣೆ ಹೇಗೆ ನಡೆಯಬೇಕು ಅಂತ ಹೇಳುವ ಕಾಯ್ದೆ) ಏಳು ವರ್ಷ ಅಥವಾ ಮೇಲಿನ ಶಿಕ್ಷೆಯ ಅಪರಾಧಗಳಿಗೆ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಬರಬೇಕು ಅಂತ ಇದೆ, ರಾಜ್ಯಗಳಿಗೆ ಜಾರಿಗೆ ಐದು ವರ್ಷದ ಅವಕಾಶ. ಆ ವರದಿಗಳನ್ನು ಓದಿ ಪಾಟೀಸವಾಲು ಮಾಡಬಲ್ಲ ವಕೀಲರು ಬೇಕಾಗುತ್ತಾರೆ. ಊರಿಗೇ ವಾಪಸು ಬರುವವರಿಗೂ ಕೆಲಸ ಇದೆ. ಕೊಡಗಿನ ಅರೇಬಿಕಾ ಕಾಫಿಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ, ಅಂದರೆ ಆ ಹೆಸರನ್ನು ಇಲ್ಲಿ ಬೆಳೆದ ಕಾಫಿಗೆ ಮಾತ್ರ ಬಳಸಬೇಕು. ಬಳಸಲು ಬೆಳೆಗಾರರು ನೋಂದಾಯಿಸಿಕೊಳ್ಳಬೇಕು, ಆ ಅರ್ಜಿ ತುಂಬಿಸಿಕೊಡಲು ಒಬ್ಬರು ಬೇಕಲ್ವಾ?

ಈಗ ಫಸ್ಟ್ ಪಿಯುವಿನಲ್ಲಿ ಇರುವವರು ಮಾಡಬೇಕಾದ್ದು ಒಂದೇ. ಕ್ಲಾಟ್‌ನ ಅಧಿಕೃತ ಜಾಲತಾಣದಲ್ಲಿ ಹಳೆಯ ಪ್ರಶ್ನೆಪತ್ರಿಕೆ ಇದೆ, ಒಂದನ್ನು ಪ್ರಿಂಟ್ ತೆಗೆದು ಭಾನುವಾರ ಮಧ್ಯಾಹ್ನ ಎರಡು ಗಂಟೆ ಗಡಿಯಾರ ಇಟ್ಟುಕೊಂಡು ಬರೆಯಿರಿ. ಅಂಕ ಎಷ್ಟೇ ಬರಲಿ. ಓದುತ್ತಾ ಓದುತ್ತಾ ಬೇಜಾರು ಬಂತೋ, ಜಗಳಕ್ಕೆ ಇಳಿಯುವ ಹುರುಪು ಬಂತೋ ನೋಡಿಕೊಳ್ಳಿ, ಆಮೇಲೆ ನನಗೆ ಫೋನ್ ಮಾಡಿ.